ಕಾಕಾನ ದುರ್ಬೀನಿಗೆ ಒಂದು ಗವಸು

ನಿನ್ನೆ ಸಂಜೆ ದುರ್ಬೀನಿನ ಗವಸನ್ನು ಬೋರಲು ಹಾಕಿ ಝಾಡಿಸಿದಾಗ ಅದರ ಮೂಲೆಯಿಂದ ಹಪ್ಪಳದ ಚೂರೊಂದು ಬಿತ್ತು. ಉದ್ದಿನ ಹಪ್ಪಳ, ಕಿರುಬೆರಳಿನ ಉಗುರಿನಷ್ಟು. ಬೇರೆಯವರ ದುರ್ಬೀನಿನ ಚೀಲದಲ್ಲಿ ಗಾಜು ಒರೆಸುವ ಮೆತ್ತನೆಯ ಬಟ್ಟೆ ಇರುತ್ತದೆ, ತೇವ ಹೀರುವ ಸಣ್ಣ ಪುಡಿಕೆ ಇರುತ್ತದೆ. ನನ್ನದರಲ್ಲಿ ಹಪ್ಪಳ. ದಿನಚರಿಯ ಪ್ರಕಾರ ಅಕ್ಟೋಬರ್ ಹನ್ನೆರಡರಿಂದ ಜನವರಿ ನಾಲ್ಕರವರೆಗೆ ಈ ಗವಸಿನ ಸಲುವಾಗಿ ಹನ್ನೊಂದು ಹಪ್ಪಳ ಮುರಿದಿವೆ. ಮುರಿದವನ್ನೆಲ್ಲ ಅಪ್ಪ ರೊಟ್ಟಿಯ ಜೊತೆ ತಿಂದು ಮುಗಿಸಿದ್ದರಿಂದ ಈಗ ಉಳಿದಿರುವ ಪುರಾವೆ ಇದೊಂದೇ ಚೂರು.

ನಾನು ಎಣಿಸುವವಳು. ಅದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮನೆ ಗೋಕಾಕದಲ್ಲಿ, ಕೆಲಸ ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ, ಗಣಿತ ಕಲಿಸುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಕಿಟಕಿಯಿಂದ ಕಂಡ ಹಕ್ಕಿಗಳನ್ನು ಎಣಿಸಿ ಬರೆಯುತ್ತೇನೆ. ತಂತಿಯ ಮೇಲಿನ ಕಾಜಾಣ ಇಷ್ಟು, ಟ್ರ್ಯಾಕ್ಟರಿನ ಹಿಂದೆ ನಡೆಯುವ ಬೆಳ್ಳಕ್ಕಿ ಇಷ್ಟು, ಎಮ್ಮೆಯ ಬೆನ್ನಿನ ಮೇಲೆ ಗೊರವಂಕ ಇಷ್ಟು. ಪುಟದ ಬಲಗಡೆ ಕೊನೆಗೆ ಒಂದು ಅಂಕಣವಿದೆ. ಅದರ ತಲೆಬರಹ ‘ಗೊತ್ತಿಲ್ಲ’. ದೂರದಲ್ಲಿ ಕೂತದ್ದು, ಬಿಸಿಲಿಗೆ ಎದುರಾಗಿ ಹಾರಿದ್ದು, ಬರೀ ಬಾಲ ಕಂಡದ್ದು, ಎಲ್ಲ ಅಲ್ಲಿಗೆ. ಸೆಪ್ಟೆಂಬರ್ ಕೊನೆಯ ದಿನ ಒಟ್ಟು ಮಾಡಿದಾಗ ಆ ಅಂಕಣ ನೂರಾ ಹದಿನೇಳಕ್ಕೆ ಬಂದಿತ್ತು. ಉಳಿದ ಯಾವ ಅಂಕಣವೂ ಅಷ್ಟು ಉದ್ದವಿರಲಿಲ್ಲ. ಅಂದರೆ ನಾನು ಅತಿ ಹೆಚ್ಚು ಕಂಡ ಹಕ್ಕಿಯ ಹೆಸರು ‘ಗೊತ್ತಿಲ್ಲ’.

ಅವ್ವನಿಗೆ ಈ ಲೆಕ್ಕದ ಬಗ್ಗೆ ಬೇರೆಯದೇ ಚಿಂತೆ.

“ನಿನ್ನ ನೋಡಾಕ ಬಂದವರು ಕೇಳಿದ್ರ ಏನಂತ ಹೇಳ್ಲಿ? ಹುಡುಗಿ ಬಸ್ಸಿನ್ಯಾಗ ಕುಂತು ಕಾಗಿ ಎಣಸ್ತಾಳ ಅಂತ ಹೇಳ್ಲ್ಯಾ?”

“ಕಾಗಿ ನಾ ಎಣಸಂಗಿಲ್ಲವ್ವಾ. ಅವು ಭಾಳ ಅದಾವು.”

ಜನವರಿಯ ಎರಡನೆಯ ರವಿವಾರ ಧೂಪದಾಳದ ಹಿನ್ನೀರಿನಲ್ಲಿ ನಾವೊಂದಿಷ್ಟು ಜನ ಸೇರಿ ಹಕ್ಕಿ ಎಣಿಸುವುದಿತ್ತು. ಅಲ್ಲಿ ಹಕ್ಕಿಗಳು ನೀರಿನ ನಟ್ಟನಡುವೆ ಕೂತಿರುತ್ತವೆ. ಬರಿಗಣ್ಣಿಗೆ ಎಲ್ಲವೂ ಸಾಸಿವೆ ಕಾಳು. ಬರಿಗಣ್ಣಿನಲ್ಲಿ ಹೋದರೆ ನನ್ನ ಪಾಲಿನ ಇಡೀ ಹಾಳೆ ‘ಗೊತ್ತಿಲ್ಲ’ದಿಂದ ತುಂಬುತ್ತದೆಂಬುದು ಖಚಿತವಿತ್ತು. ಹಾಗಾಗಬಾರದು ಎಂದು ಗಟ್ಟಿ ಮಾಡಿಕೊಂಡೆ. ಹೊಸ ದುರ್ಬೀನು ಯಾಕೆ ಕೊಳ್ಳಲಿಲ್ಲ ಎಂದು ನೀವು ಕೇಳಬಹುದು. ನನಗೆ ಬೇಕಾದದ್ದು ಒಂದೇ ದುರ್ಬೀನು, ಅದು ದಡ್ಡಿಯಲ್ಲಿತ್ತು, ಕಾಕಾನ ಹತ್ತಿರ.

ಕಾಕಾ ಎಂದರೆ ಅಪ್ಪನ ತಮ್ಮ. ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿ ಘಟಪ್ರಭೆಯ ನೀರಿನ ಮಟ್ಟ ಓದಿ ಬರೆಯುವುದೇ ಅವನ ನೌಕರಿಯಾಗಿತ್ತು. ಕೆಲಸ ಕೇಳಲಿಕ್ಕೆ ಸರಳ. ಸೇತುವೆಯ ಕಂಬದ ಮೇಲೆ ಕೆಳಗಿನಿಂದ ಮೇಲಕ್ಕೆ ಮೀಟರಿಗೊಂದು ಅಂಕಿಯನ್ನೂ ಹತ್ತು ಸೆಂಟಿಮೀಟರಿಗೊಂದು ಗೀಟನ್ನೂ ಬರೆದಿರುತ್ತಾರೆ. ನೀರು ಯಾವ ಗೀಟಿಗೆ ಮುಟ್ಟಿದೆ ಎಂದು ನೋಡಿ ದಿನಕ್ಕೆ ಮೂರು ಸಲ ರಿಜಿಸ್ಟರಿನಲ್ಲಿ ಬರೆಯಬೇಕು. ಹೊಳೆ ಏರಿದಾಗ ತಾಸಿಗೊಮ್ಮೆ ಬರೆಯಬೇಕು, ಮತ್ತು ಆಗಲೇ ಕಂಬದ ಹತ್ತಿರ ಹೋಗಲಾಗುವುದಿಲ್ಲ. ಅದಕ್ಕಾಗಿಯೇ ಕಾಕಾ ಬೆಳಗಾವಿಯಲ್ಲಿ ನಿವೃತ್ತ ಸೈನಿಕರೊಬ್ಬರಿಂದ ಈ ದುರ್ಬೀನನ್ನು ತಂದಿದ್ದ. ಜೊತೆಗೆ ಬಂದಿದ್ದ ಚರ್ಮದ ಪೆಟ್ಟಿಗೆಯನ್ನು ಇಲಿಗಳು ತಿಂದವು. ಅಂದಿನಿಂದ ಅದು ಕಾಕಾನ ಹೆಂಡತಿ ಚಿಗವ್ವನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹಿಟ್ಟಿನ ಡಬ್ಬಿಯೊಂದರಲ್ಲಿ ಕೂತಿತ್ತು. ಹಿಟ್ಟು ಮಾತ್ರ ಬೇರೆ ಡಬ್ಬಿಗೆ ಹೋಯಿತು.

ನಿವೃತ್ತನಾದ ಮೇಲೂ ಕಾಕಾ ಓದುವುದನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಹಿತ್ತಲಿನ ಕಟ್ಟೆಯ ಮೇಲೆ ನಿಂತು ಸೇತುವೆಯ ಕಂಬ ನೋಡಿ, ಒಳಗೆ ಬಂದು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಅಂಕಿ ಬರೆಯುತ್ತಿದ್ದ. ಯಾರೂ ಕೇಳುವ ಅಂಕಿಯಲ್ಲ ಅದು. ಪೆನ್ಸಿಲನ್ನು ದಾರ ಕಟ್ಟಿ ಕ್ಯಾಲೆಂಡರಿನ ಮೊಳೆಗೇ ತೂಗುಹಾಕಿದ್ದ. ಅಕ್ಟೋಬರ್ ಹನ್ನೆರಡರಂದು ನಾನು ಹೋದಾಗ ಪೆನ್ಸಿಲು ಅಲ್ಲೇ ತೂಗುತ್ತಿತ್ತು. ಚೌಕಗಳು ಮಾತ್ರ ಗಣೇಶ ಚೌತಿಯಿಂದೀಚೆಗೆ ಖಾಲಿ. ಕಾಕಾನ ಕಣ್ಣಿಗೆ ಕಾಚಬಿಂದು, ಎಂದರೆ ಗ್ಲಾಕೋಮಾ, ಹಿಡಿದಿತ್ತು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಮನೆಯೊಳಗೆ ಓಡಾಡುವಷ್ಟು ಕಾಣುತ್ತಿತ್ತು. ಕಂಬ ಕಾಣುತ್ತಿರಲಿಲ್ಲ.

ಚಹಾ ಕುಡಿದಾದ ಮೇಲೆ ಕೇಳಿದೆ.

“ಕಾಕಾ, ದುರ್ಬೀನು ನನಗ ಕೊಡ್ತಿ?”

ಅವನು ಕೇಳಿದ, “ಎದರಾಗ ಇಟಗೊಂಡು ತಿರಗ್ತಿ?”

“ನನ್ನ ಬ್ಯಾಗಿನ್ಯಾಗ.”

“ಅದರಾಗ ಮತ್ತೇನೇನ ಇರತೈತಿ?”

“ಬುತ್ತಿ ಡಬ್ಬಿ, ನೀರಿನ ಬಾಟ್ಲಿ, ಮಕ್ಕಳ ಪೇಪರು, ಕಂಪಾಸ ಪೆಟಗಿ.”

“ದುರ್ಬೀನು ಬಾಜೂಕ ಕಂಪಾಸಿನ ಮುಳ್ಳು. ಭಾಳ ಚಲೋ ಆತು.” ಕಾಕಾ ಹೊರಸಿನ ಮೇಲೆ ಸರಿದು ಕೂತ. “ಹಿಂಗ ಮಾಡು. ಒಂದ ಗಟ್ಟಿ ಗವಸು ತಗೊಂಡ ಬಾ. ದೊಡ್ಡದ ಬ್ಯಾಡ, ಕೊರಳಾಗ ಹಾಕ್ಕೊಂಡ್ರ ಎದಿಮ್ಯಾಲ ಸುಮ್ಮ ಕುಂದ್ರಬೇಕು. ಅದರಾಗ ಒಂದ ಸುಟ್ಟ ಹಪ್ಪಳ ಇಟ್ಟು ಈ ಹೊರಸಿನ ಎತ್ತರದಿಂದ ಕೆಳಗ ಬಿಡ್ತೇನಿ. ಹಪ್ಪಳ ಉಳೀತಂದ್ರ ದುರ್ಬೀನು ನಿಂದು.”

“ಹಪ್ಪಳ ಯಾಕ?”

“ದುರ್ಬೀನು ಬಿದ್ರ ಹೊರಗ ಏನೂ ಕಾಣಂಗಿಲ್ಲ. ಒಳಗಿನ ಗಾಜು ಕೂದಲೆಳಿಯಷ್ಟ ಸರದಿರತೈತಿ. ಹಪ್ಪಳ ಹಂಗಲ್ಲ, ಆಗಿದ್ದ ಆಗೇತಿ ಅಂತ ಹೇಳಿಬಿಡ್ತೈತಿ.”

ಅಡುಗೆಮನೆಯಿಂದ ಚಿಗವ್ವ ಕೇಳಿದಳು, “ಹಪ್ಪಳ ಸುಡವರು ಯಾರು?”

“ನೀನ.”

“ಅದನ್ನೊಂದ ನನ್ನ ಕೇಳದ ಗೊತ್ತ ಮಾಡೀರಿ ನೋಡ್ರಿ.”

ಅಂದೇ ಅಳತೆ ತೆಗೆದುಕೊಂಡೆ. ಕಾಕಾನ ಎರಡು ಹಳೆಯ ರಿಜಿಸ್ಟರುಗಳನ್ನು ನೆಟ್ಟಗೆ ನಿಲ್ಲಿಸಿ, ನಡುವೆ ದುರ್ಬೀನು ಇಟ್ಟು, ಎರಡೂ ಕಡೆಯಿಂದ ಮೆಲ್ಲಗೆ ಸರಿಸಿ, ನಡುವಿನ ಅಂತರವನ್ನು ಸ್ಟೀಲಿನ ಫೂಟುಪಟ್ಟಿಯಿಂದ ಅಳೆದೆ. ಮೂರು ಸಲ ಅಳೆದು ಸರಾಸರಿ ತೆಗೆದೆ. ಅಗಲ ೧೭.೮ ಸೆಂಟಿಮೀಟರು. ಎರಡು ಕೊಳವೆಗಳನ್ನು ಕೂಡಿಸುವ ನಡುವಿನ ಕೀಲಿನ ಮೇಲೆ ಕಾಕಾ ಎಳೆದ ಬಿಳಿ ಗೆರೆ ಹಾಗೆಯೇ ಇತ್ತು. ಅಳೆಯುವಾಗ ಅದಕ್ಕೆ ಬೆರಳು ತಾಕದಂತೆ ನೋಡಿಕೊಂಡೆ.

ಆ ಗೆರೆಯ ಕಥೆ ಇಷ್ಟು. ನನಗಾಗ ಒಂಬತ್ತು ವರ್ಷ, ಪಂಚಮಿ ಹಬ್ಬಕ್ಕೆ ದಡ್ಡಿಗೆ ಹೋಗಿದ್ದೆ. ಜೋಕಾಲಿ ಕಟ್ಟಿದ್ದರು, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿ ಎಂದು ನಾಲ್ಕು ಡಬ್ಬಿಗಳಿದ್ದವು, ಆದರೆ ನನ್ನ ಕಣ್ಣು ಇದ್ದದ್ದು ದುರ್ಬೀನಿದ್ದ ಐದನೆಯ ಡಬ್ಬಿಯ ಮೇಲೆ. ಮಧ್ಯಾಹ್ನ ಕಾಕಾ ಮಲಗಿದ್ದಾಗ ಅದನ್ನು ತೆಗೆದು ಹಿತ್ತಲಿಗೆ ಒಯ್ದೆ. ಕಾಕಾನ ಮುಖ ಅಗಲ, ನನ್ನದು ಅಂಗೈಯಷ್ಟು. ಎರಡು ಕಣ್ಣಿಗೆ ಎರಡು ವೃತ್ತ ಕಂಡವು, ನಡುವೆ ಕಪ್ಪು. ಕೀಲನ್ನು ಮಡಚುತ್ತ ಮಡಚುತ್ತ ಹೋದೆ. ಒಂದು ಹಂತದಲ್ಲಿ ಎರಡೂ ವೃತ್ತ ಸೇರಿ ಒಂದಾದವು, ಆ ಒಂದರೊಳಗೆ ಕಪ್ಪು ಬಿಳಿ ಮಿಂಚುಳ್ಳಿಯೊಂದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿತ್ತು. ಕೊಕ್ಕಿನ ತುದಿಯ ಹನಿ ಕೂಡ ಕಂಡಿತು. ಅದು ನನ್ನ ಮೊದಲ ಹಕ್ಕಿ. ಎಲ್ಲವನ್ನೂ ಮೊದಲಿನಂತೆ ಸುತ್ತಿ ಡಬ್ಬಿಯಲ್ಲಿಟ್ಟೆ. ಕೀಲನ್ನು ಮೊದಲಿನಂತೆ ಮಾಡಬೇಕೆಂಬುದು ಮಾತ್ರ ತಲೆಗೆ ಹೋಗಲಿಲ್ಲ.

ಸಂಜೆ ಮಳೆ ಜೋರಾಯಿತು, ಹೊಳೆ ಏರತೊಡಗಿತು. ತಾಸಿನ ಓದಿಗೆ ಕಾಕಾ ದುರ್ಬೀನು ಎತ್ತಿದ. ಅವನಿಗೆ ಏನೂ ಸರಿಯಾಗಿ ಕಾಣಲಿಲ್ಲ. ಮಳೆಯಲ್ಲಿ ತೊಯ್ಯುತ್ತ ಕೀಲು ತಿರುಗಿಸಿದ, ಒರೆಸಿದ, ಮತ್ತೆ ತಿರುಗಿಸಿದ. ಅಷ್ಟರಲ್ಲಿ ಓದಿನ ಹೊತ್ತು ಮೀರಿತು. ಅಂದಾಜಿನ ಮೇಲೆ ಒಂದು ಅಂಕಿ ಬರೆದ. ಮುಂದಿನ ತಾಸಿನ ಓದು ಬಂದಾಗ ಅದು ತಪ್ಪೆಂದು ತಿಳಿಯಿತು, ಹೊಡೆದುಹಾಕಬೇಕಾಯಿತು. ಅವನ ಅಷ್ಟು ವರ್ಷಗಳ ರಿಜಿಸ್ಟರಿನಲ್ಲಿ ಹೊಡೆದುಹಾಕಿದ ಅಂಕಿ ಅದೊಂದೇ. ಕಾಕಾ ಬಯ್ಯಲಿಲ್ಲ, ಹೊಡೆಯಲಿಲ್ಲ. ಮರುದಿನ ಬೆಳಿಗ್ಗೆ ಕಂಬದ ಅಂಕಿ ಬರೆಯುವ ಬಿಳಿ ಪೇಂಟಿನಲ್ಲಿ ಕಡ್ಡಿ ಅದ್ದಿ, ಕೀಲನ್ನು ತನ್ನ ಕಣ್ಣಿಗೆ ಹೊಂದಿಸಿ, ಅದರ ಎರಡೂ ಭಾಗಕ್ಕೆ ಅಡ್ಡಲಾಗಿ ದಪ್ಪನೆಯ ಗೆರೆ ಎಳೆದ. “ಸುಜಾ, ಇದು ಒಂದ ಗೆರಿ ಆಗೇ ಇರಬೇಕು,” ಅಂದ. ಅಷ್ಟೇ. ಬಯ್ದಿದ್ದರೆ ಬಹುಶಃ ನಾನು ಮರೆತುಬಿಡುತ್ತಿದ್ದೆ. ಆ ದಿನವೇ ಪಾಟಿಚೀಲದ ಒಂದು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ತಾರೀಖು ಹಾಕಿ ‘ಮಿಂಚುಳ್ಳಿ ೧, ತಪ್ಪು ೧’ ಎಂದು ಬರೆದೆ. ನನ್ನ ದಿನಚರಿ ಶುರುವಾದದ್ದು ಅಲ್ಲಿಂದ.

ಈಗ ಗವಸಿನ ಬೇಟೆಗೆ ಬರೋಣ. ನಮ್ಮ ಮನೆಯಲ್ಲಿ ಗವಸಿಗೆ ಬರವಿಲ್ಲ. ಅವ್ವ ಯಾವ ವಸ್ತುವನ್ನೂ ಬತ್ತಲೆ ಬಿಡುವವಳಲ್ಲ. ಮಿಕ್ಸರಿಗೆ ಗವಸು, ಟಿ.ವಿ.ಗೆ ಗವಸು, ಹೊಲಿಗೆ ಯಂತ್ರಕ್ಕೆ ಗವಸು, ರಿಮೋಟಿಗೆ ಪ್ಲಾಸ್ಟಿಕ್ಕಿನ ಗವಸು. ಆ ರಿಮೋಟು ಕೆಟ್ಟು ಹೊಸದು ಬಂದ ಮೇಲೆ ಹಳೆಯ ಗವಸನ್ನೇ ಹೊಸದಕ್ಕೆ ಹಾಕಿದ್ದರಿಂದ ಮೇಲಿನ ಎರಡು ಗುಂಡಿಗಳನ್ನು ನಾವು ಈವರೆಗೆ ಒತ್ತಿಲ್ಲ. ದುರ್ಬೀನಿಗೆ ಗವಸು ಬೇಕೆಂದು ತಿಳಿದೊಡನೆ ಅವ್ವ ಕೌದಿಯ ತುಂಡುಗಳನ್ನು ಹರಡಿಕೊಂಡು ಕೂತಳು. ನಾಲ್ಕು ಪದರಿನ ಚೀಲ, ನೂರಾರು ಹೊಲಿಗೆ.

“ಕೌದ್ಯಾಗ ಸುತ್ತಿದ ಕೂಸು ಬಿದ್ರೂ ಅಳಂಗಿಲ್ಲ. ನಿನ್ನ ದುರ್ಬೀನು ಯಾವ ಲೆಕ್ಕ?”

ಹಪ್ಪಳ ಇಟ್ಟು ಬಿಟ್ಟೆ. ಮುರಿಯಿತು. ಇನ್ನೊಂದು ಇಟ್ಟು ಬಿಟ್ಟೆ. ಅದೂ ಮುರಿಯಿತು. ಪೆಟ್ಟು ತಾಗಲಿಲ್ಲ, ಆದರೆ ಚೀಲ ಬಾಗಿತು, ಒಳಗಿನದೂ ಬಾಗಿತು. ‘ಹೊರಗೆ ಗಟ್ಟಿ ಇರಬೇಕು, ಒಳಗೆ ಮೆತ್ತಗಿರಬೇಕು’ ಎಂದು ಬರೆದುಕೊಂಡೆ. ಅವ್ವ ಅದನ್ನು ಓದಿ, “ಹಂಗಾರ ಕಲ್ಲಂಗಡಿ ತಗೋ,” ಅಂದಳು.

ಅಕ್ಟೋಬರ್ ಹದಿನೆಂಟರಂದು ಗೋಕಾಕದ ಪೇಟೆ ಸುತ್ತಿದೆ. ಚೀಲದ ಅಂಗಡಿಗಳಲ್ಲಿ ಬುತ್ತಿಯ ಚೀಲ, ಬಳೆಯ ಪೆಟ್ಟಿಗೆ, ಮದುಮಗಳ ಒಡವೆ ಇಡುವ ಮಖಮಲ್ಲಿನ ಪೆಟ್ಟಿಗೆ ಎಲ್ಲ ನೋಡಿದೆ. ಮಖಮಲ್ಲು ಚೆನ್ನಾಗಿತ್ತು, ಆದರೆ ಅದನ್ನು ಕೊರಳಿಗೆ ಹಾಕಿಕೊಂಡು ಹಿನ್ನೀರಿನ ಕೆಸರಿನಲ್ಲಿ ನಿಂತರೆ ಯಾರಾದರೂ ಅಕ್ಷತೆ ಹಾಕಿಬಿಟ್ಟಾರು. ಕೊನೆಗೆ ಒಂದು ಹಳೆಯ ಫೋಟೋ ಸ್ಟುಡಿಯೋಗೆ ಹೋದೆ. ವಯಸ್ಸಾದ ಮಾಲಕರು ಕಪಾಟಿನ ಮೇಲಿನಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿದರು. ಕರಿಯ ಚರ್ಮ, ಒಳಗೆ ಹತ್ತಿಯ ಮೆತ್ತೆ, ಪಟ್ಟಿ, ಕೊಂಡಿ, ಎಲ್ಲ ಕಾಕಾ ಹೇಳಿದ ಹಾಗೇ. ಫೂಟುಪಟ್ಟಿ ಇಟ್ಟೆ. ಒಳಗಿನ ಅಗಲ ಹದಿನೈದು.

“ಬರಂಗಿಲ್ರಿ. ಎರಡು ಪಾಯಿಂಟ್ ಎಂಟು ಕಡಿಮಿ ಬೀಳ್ತೈತಿ.”

“ದುರ್ಬೀನು ಮಡಚ್ತೈತಲ್ರಿ ಅಕ್ಕಾರ. ಮಡಚಿದ್ರ ಇದರಾಗ ಆರಾಮ ಕುಂದರತೈತಿ.”

“ನಮ್ಮ ಕಾಕಾನ ದುರ್ಬೀನು ಮಡಚಂಗಿಲ್ರಿ.”

“ಕೀಲು ಜಂಗ ಹಿಡದೈತೇನ್ರಿ?”

“ಇಲ್ರಿ, ಕೀಲು ಛಲೋ ಐತಿ. ಮಡಚಂಗಿಲ್ಲ, ಅಷ್ಟರಿ.”

ಮಾಲಕರು ಚಾಳೀಸಿನ ಮೇಲಿನಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿ ಪೆಟ್ಟಿಗೆಯನ್ನು ಮತ್ತೆ ಕಪಾಟಿನ ಮೇಲೆ ಇಟ್ಟರು. ‘ಚಿಕ್ಕದು. ತಿರಸ್ಕೃತ’ ಎಂದು ಬರೆದುಕೊಂಡೆ. ಆ ಹೊತ್ತಿನಲ್ಲಿ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಕೈಯಾರೆ ಮಡಚಿದವಳು ನಾನೇ. ಅದು ಮಡಚುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ಆ ಗೆರೆ ಇರುವ ತನಕ ಹದಿನೇಳು ಪಾಯಿಂಟ್ ಎಂಟು ಎಂಬುದು ನನ್ನ ಪಾಲಿಗೆ ದುರ್ಬೀನಿನ ಹುಟ್ಟಿನ ಅಗಲವೇ ಆಗಿತ್ತು.

ನವೆಂಬರಿನಲ್ಲಿ ಮೊಬೈಲಿನಿಂದ ಒಂದು ತರಿಸಿದೆ. ಬಂದ ಚೀಲದಲ್ಲಿ ದುರ್ಬೀನಿನ ಜೊತೆ ನಾನೂ ಕೂರಬಹುದಿತ್ತು. ತಿರುಗಿ ಕಳಿಸಿದೆ. ಆಮೇಲೆ ಹುಕ್ಕೇರಿಗೆ ಹೋದೆ. ಅಲ್ಲಿಯ ಪಾತ್ರೆ ಅಂಗಡಿಯಲ್ಲಿ ಕೊಂಡಿ ಹಾಕುವ ಸ್ಟೀಲಿನ ಉದ್ದ ಡಬ್ಬಿ ಸಿಗುತ್ತದೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಡಬ್ಬಿ ಸಿಕ್ಕಿತು, ಅಳತೆಯೂ ಸರಿಯಿತ್ತು. ಈ ಹೊತ್ತಿಗೆ ನಾನು ಹಪ್ಪಳಗಳನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಒಳಗೆ ನನ್ನ ಓಢಣಿಯನ್ನು ಹಾಸಿ, ಹಪ್ಪಳ ಇಟ್ಟು, ಕೊಂಡಿ ಹಾಕಿ, ಮಾಲಕರ ಅಪ್ಪಣೆ ಪಡೆದು ಮಂಡಿಯೆತ್ತರದಿಂದ ಬಿಟ್ಟೆ. ಆ ಸದ್ದಿಗೆ ಅಂಗಡಿಯ ಮುಂದೆ ಏಳೆಂಟು ಜನ ಕೂಡಿದರು. ತೆರೆದರೆ ನಾಲ್ಕು ಚೂರು. ಇನ್ನೊಮ್ಮೆ ಬಿಟ್ಟೆ. ಆರು ಚೂರು.

ಬುಟ್ಟಿ ಹಿಡಿದಿದ್ದ ಒಬ್ಬಾಕೆ ಮುಂದೆ ಬಂದು ಒಂದು ಚೂರು ಬಾಯಿಗೆ ಹಾಕಿಕೊಂಡಳು. “ಹಪ್ಪಳ ಮಾರಾಕ ಬಂದೀಯೇನ ತಂಗಿ?”

“ಇಲ್ಲಬೇ. ಡಬ್ಬಿ ನೋಡಾಕ ಬಂದೇನಿ.”

“ಹಪ್ಪಳ ಛಲೋ ಅದಾವು. ಡಬ್ಬಿ ಬ್ಯಾಡ ಬಿಡು.”

ಆಕೆಯ ಮಾತನ್ನೇ ತೀರ್ಪು ಎಂದು ಬರೆದುಕೊಂಡು ಬಸ್ಸು ಹತ್ತಿದೆ. ಡಿಸೆಂಬರಿನ ಮೊದಲ ವಾರಕ್ಕೆ, ನಡುವೆ ಮನೆಯ ಡಬ್ಬಿ ಚೀಲಗಳಲ್ಲಿ ಮುರಿದವೂ ಸೇರಿ, ಮುರಿದ ಹಪ್ಪಳಗಳ ಮೊತ್ತ ಹತ್ತು, ಆಯ್ಕೆಯಾದ ಗವಸು ಸೊನ್ನೆ, ಎಣಿಕೆಗೆ ಉಳಿದದ್ದು ಐದು ವಾರ. ಅಪ್ಪ ಊಟಕ್ಕೆ ಕೂತಾಗ, “ಇವತ್ತ ಯಾವುದನ್ನೂ ಬೀಳಿಸಿಲ್ಲೇನು?” ಎಂದು ಕೇಳತೊಡಗಿದ್ದ. ನಾನು ಬಿಡುವವಳಿರಲಿಲ್ಲ.

ಸಿಕ್ಕದ್ದು ಮೂಡಲಗಿಯಲ್ಲಿ, ದಿನಾ ಸಾಲೆಯಿಂದ ಬಸ್‌ಸ್ಟ್ಯಾಂಡಿಗೆ ನಡೆಯುವ ದಾರಿಯಲ್ಲೇ. ಅಲ್ಲಿ ದಸ್ತಗೀರಸಾಬರ ಕುಶನ್ ಅಂಗಡಿ ಇದೆ. ಟ್ರ್ಯಾಕ್ಟರಿನ ಸೀಟು, ಮೋಟರ್‌ಸೈಕಲ್ಲಿನ ಸೀಟು ಹೊಲಿಯುತ್ತಾರೆ. ಕಬ್ಬಿನ ಹಂಗಾಮು, ಅಂಗಡಿಯ ಮುಂದೆ ಸೀಟು ಕಳಚಿದ ಟ್ರ್ಯಾಕ್ಟರುಗಳು ನಿಂತಿದ್ದವು. ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ನಾನು ಎರಡು ತಿಂಗಳಿಂದ ಹುಡುಕುತ್ತಿದ್ದ ವಿದ್ಯೆಯನ್ನು ಈ ಮನುಷ್ಯ ರಸ್ತೆಯ ಪಕ್ಕದಲ್ಲೇ ಕೂತು ಮಾಡುತ್ತಿದ್ದರು, ನಾನು ಅವರ ತಲೆಯ ಮೇಲಿನ ತಂತಿಯಲ್ಲಿ ಕಾಜಾಣ ಎಣಿಸುತ್ತ ದಾಟಿ ಹೋಗುತ್ತಿದ್ದೆ.

ನನ್ನ ನಕ್ಷೆಯನ್ನು ಅವರ ಮುಂದಿಟ್ಟೆ. ಮೂರು ಕಡೆಯಿಂದ ಬರೆದದ್ದು, ಎಲ್ಲ ಅಳತೆ ಮಿಲಿಮೀಟರಿನಲ್ಲಿ.

“ಬಾಯಾರ,” ಅಂದರು ದಸ್ತಗೀರಸಾಬರು, “ಮೂವತ್ತು ವರ್ಷ ಆತು ಸೀಟು ಹೊಲ್ಯಾಕತ್ತು. ಹಿಂಗ ಮಿಲಿಮೀಟರದಾಗ ಯಾರೂ ಕುಂತಿಲ್ರಿ.”

“ಇದು ಕುಂದ್ರಾಕಲ್ರಿ, ದುರ್ಬೀನು ಇಡಾಕ. ಬಿದ್ರೂ ಏನೂ ಆಗಬಾರ್ದು.”

“ನನ್ನ ಸೀಟಿನ ಮ್ಯಾಲ ಕುಂತವರು ಕಾಲುವಿಗೆ ಬಿದ್ದು ಎದ್ದ ಬಂದಾರ್ರಿ. ದುರ್ಬೀನು ಯಾವ ದೊಡ್ಡಮಾತು. ಗೊಂಡೆ ಎಷ್ಟ ಹಚ್ಚಲ್ರಿ?”

“ಗೊಂಡೆ ಬ್ಯಾಡ್ರಿ.”

“ಗೊಂಡೆ ಇಲ್ಲದ ಮಾಲು ನಮ್ಮ ಅಂಗಡಿಯಿಂದ ಹೊರಗ ಹೋಗಿಲ್ರಿ.”

ಹಳೆಯ ಪ್ಲಾಸ್ಟಿಕ್ ಡ್ರಮ್ಮಿನ ಗೋಡೆಯನ್ನು ಕತ್ತರಿಸಿ ಚೌಕಟ್ಟು ಮಾಡಿದರು. ಒಳಗೆ ಬೆರಳು ದಪ್ಪದ ಸ್ಪಂಜು, ಅದರ ಮೇಲೆ ನಾನು ಕೊಟ್ಟ ಅವ್ವನ ಕೌದಿಯ ಚೀಲವನ್ನೇ ಬಿಚ್ಚಿ ಹೊದಿಸಿದರು, ಹೊರಗೆ ಕಂದು ರೆಕ್ಸಿನ್ನು, ಹಿಂದೆ ಪಟ್ಟಿ. ಡಿಸೆಂಬರ್ ಇಪ್ಪತ್ತೇಳರಂದು ತಯಾರಾಯಿತು. ಝಿಪ್ಪಿನ ತುದಿಗೆ ಒಂದು ಕೆಂಪು ಗೊಂಡೆ ಇತ್ತು, ಒಂದಕ್ಕೆ ಒಪ್ಪಂದವಾಗಿತ್ತು. ಅಂಗಡಿಯಲ್ಲೇ ಪರೀಕ್ಷೆ ಮಾಡಿದೆವು. ಮೊದಲ ಸಲ ಹಪ್ಪಳದ ಅಂಚು ಮುಕ್ಕಾಯಿತು, ಅದು ಹನ್ನೊಂದನೆಯದು. ದಸ್ತಗೀರಸಾಬರು ಮೂಲೆಗಳಿಗೆ ಸ್ಪಂಜು ತುರುಕಿದರು. ಆಮೇಲೆ ಬೇರೆ ಹಪ್ಪಳ ಇಟ್ಟು ಮೂರು ಸಲ ಟ್ರ್ಯಾಕ್ಟರಿನ ಎತ್ತರದಿಂದ ಬಿಟ್ಟರೂ ಹಪ್ಪಳ ಗಟ್ಟಿಯಾಗೇ ಇತ್ತು. ಸೀಟಿಗೆ ಕಾಯುತ್ತಿದ್ದ ಡ್ರೈವರು ಅದನ್ನು ಗೌರವದಿಂದ ತಿಂದ.

ಜನವರಿ ನಾಲ್ಕು, ರವಿವಾರ, ದಡ್ಡಿ. ಚಿಗವ್ವ ಕೆಂಡದ ಮೇಲೆ ಹಪ್ಪಳ ಸುಟ್ಟಳು. ಕಾಕಾ ಗವಸನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆ ಮೂಲೆ ತಡವಿ ನೋಡಿದ, ಒಳಗೆ ಕೈಹಾಕಿ ಕೌದಿಯ ಹೊಲಿಗೆ ಮುಟ್ಟಿ, “ಇದು ವೈನೀದ ಕೈಯಿ,” ಎಂದು ಅವ್ವನ ಹೊಲಿಗೆಯನ್ನು ಗುರುತಿಸಿದ. ಗೊಂಡೆ ಸಿಕ್ಕಾಗ ಅದನ್ನು ಎರಡು ಸಲ ಎಳೆದು ನೋಡಿದ. ಹಪ್ಪಳ ಇಟ್ಟು, ಝಿಪ್ಪು ಎಳೆದು, ಹೊರಸಿನ ಅಂಚಿನಿಂದ ಬಿಟ್ಟ. ಮೆತ್ತನೆಯ ಒಂದು ಸದ್ದು. ತೆರೆದು, ಹಪ್ಪಳದ ಅಂಚಿನ ಸುತ್ತ ಬೆರಳಾಡಿಸಿ ಪೂರ್ತಿ ಒಂದು ಸುತ್ತು ಬಂದ.

“ಉಳದೈತಿ,” ಅಂದ.

ಚಿಗವ್ವ ಡಬ್ಬಿ ತಂದಳು. ಇಳಕಲ್ ಸೀರೆಯ ತುಂಡು ಬಿಚ್ಚಿ ಕಾಕಾನೇ ದುರ್ಬೀನನ್ನು ಗವಸಿನಲ್ಲಿಟ್ಟ, ನನ್ನ ಕೊರಳಿಗೆ ಹಾಕಿದ. ಆಮೇಲೆ ಎರಡೂ ಕೈಯಿಂದ ಅದರ ಅಗಲವನ್ನು ಹಿಡಿದು ನೋಡಿ ಮುಖ ಸಿಂಡರಿಸಿದ.

“ಏನಿದು, ಎದಿಮ್ಯಾಲ ರೊಟ್ಟಿಬುಟ್ಟಿ ಕಟಗೊಂಡಂಗ ಆತಲ್ಲ. ಇಷ್ಟ ದೊಡ್ಡದ ಯಾಕ?”

“ಅಳತಿ ಪ್ರಕಾರನ ಐತಿ ಕಾಕಾ. ಹದಿನೇಳು ಪಾಯಿಂಟ್ ಎಂಟು.”

“ಮಡಚಿ ಅಳದಿಲ್ಲೇನು?”

“ಗೆರಿ ಐತಲ್ಲ.”

ಕಾಕಾನಿಗೆ ತಕ್ಷಣ ತಿಳಿಯಲಿಲ್ಲ. ದುರ್ಬೀನನ್ನು ಹೊರತೆಗೆದು ಹೆಬ್ಬೆರಳನ್ನು ಕೀಲಿನ ಮೇಲೆ ಆಡಿಸಿದ. ಉಬ್ಬಿದ ಪೇಂಟಿನ ಮೇಲೆ ಬೆರಳು ನಿಂತಿತು.

“ಈ ಗೆರಿ? ನೀ ಅವತ್ತಿಂದ ಒಮ್ಮೆನೂ ಇದನ್ನ ಅಳ್ಳಾಡಿಸಿಲ್ಲ?”

“ಇಲ್ಲ.”

“ಮತ್ತ ಇಲ್ಲಿ ಬಂದಾಗೆಲ್ಲ ನೋಡ್ತಿದ್ದೆಲ್ಲ. ಹೆಂಗ ನೋಡ್ತಿದ್ದಿ?”

“ಒಂದ ಕಣ್ಣು ಮುಚ್ಚಿ.”

ಚಿಗವ್ವ ನಕ್ಕಳು. ಕಾಕಾನೂ ನಗಲು ಹೋಗಿ ನಡುವೆ ನಿಲ್ಲಿಸಿದ. “ಹುಚ್ಚಿ,” ಅಂದ. “ಆ ಗೆರಿ ನಿನ್ನ ಸಲುವಾಗಿ ಹಾಕಿದ್ದಲ್ಲ. ನನ್ನ ಸಲುವಾಗಿ. ಮಳ್ಯಾಗ, ಕತ್ತಲಾಗ ಕೈಗೆ ತಿಳೀಲಿ ಅಂತ. ಯಾರರ ತಿರುವಿದ್ರ ಮತ್ತ ತಂದು ಕೂಡಿಸಿದ್ರ ಆತು, ಅಷ್ಟ.”

ಹಾಗೆಂದು ಎರಡು ಕೊಳವೆಗಳನ್ನು ಎರಡು ಕೈಯಲ್ಲಿ ಹಿಡಿದು ಮಡಚಿದ. ಪೇಂಟು ಸಣ್ಣಗೆ ಚಿಟ್ ಅಂದಿತು. ಗೆರೆಯ ಅರ್ಧ ಈ ಕಡೆ ಉಳಿಯಿತು, ಅರ್ಧ ಆ ಕಡೆ ಹೋಯಿತು.

ಗವಸಿನ ಗತಿ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಮಡಚಿದ ದುರ್ಬೀನಿನ ಅಗಲ ೧೪.೧. ಮರುದಿನವೇ ಮೂಡಲಗಿಗೆ ಒಯ್ದು ಗವಸನ್ನು ಹದಿನೈದಕ್ಕೆ ಇಳಿಸಬೇಕೆಂದೆ. “ಸೀಟಿನ ಮ್ಯಾಲ ಕುಂತವರು ಕುಗ್ಗಿದ್ದು ನೋಡೇನ್ರಿ, ಸೀಟು ಕುಗ್ಗಿಸಿದ್ದು ಇದ ಮೊದಲ್ರಿ,” ಎಂದು ದಸ್ತಗೀರಸಾಬರು ಹೊಲಿಗೆ ಬಿಚ್ಚಿದರು. ಗೊಂಡೆ ಹಾಗೇ ಉಳಿಯಿತು. ಗೋಕಾಕದ ಸ್ಟುಡಿಯೋದ ಪೆಟ್ಟಿಗೆಯೂ ಹದಿನೈದೇ ಇತ್ತೆಂಬುದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ. ಹನ್ನೊಂದನೆಯ ತಾರೀಖಿನ ಎಣಿಕೆಯಲ್ಲಿ ನನ್ನ ಹಾಳೆಯ ಕೊನೆಯ ಅಂಕಣದಲ್ಲಿ ಇದ್ದದ್ದು ಒಂಬತ್ತು. ಒಂಬತ್ತೂ ನನಗೆ ಚುಚ್ಚುತ್ತಿವೆ. ಮುಂದಿನ ವರ್ಷ ನೋಡಿಕೊಳ್ಳುತ್ತೇನೆ.

ಆ ರವಿವಾರ, ಗೆರೆ ಮುರಿದ ಮೇಲೆ, ಕಾಕಾ ದುರ್ಬೀನನ್ನು ನನ್ನ ಕೈಗಿಟ್ಟು ಹಿತ್ತಲಿಗೆ ನಡೆದ. ಕಟ್ಟೆಯ ಮೇಲೆ ನಿಂತು, “ನಿನ್ನ ಕಣ್ಣಿಗೆ ಹೊಂದಿಸ್ಕೋ,” ಅಂದ. ಕೀಲನ್ನು ಮೆಲ್ಲಗೆ ಬಿಡಿಸುತ್ತ ಹೋದೆ. ಎರಡು ವೃತ್ತಗಳು ಹತ್ತಿರ ಬಂದವು, ಅಂಚು ಕೂಡಿದವು, ಒಂದಾದವು. ಹದಿನೈದು ವರ್ಷಗಳ ಮೇಲೆ ಎರಡೂ ಕಣ್ಣು ತೆರೆದು ನೋಡಿದೆ. ಮಿಂಚುಳ್ಳಿ ಇರಲಿಲ್ಲ. ಕಂಬ ಇತ್ತು.

“ಅಂಕಿ ಕಾಣ್ತಾವು?”

“ಕಾಣ್ತಾವು.”

“ನೀರು ಎಲ್ಲಿ ಐತಿ?”

“ಮೂರರ ಮ್ಯಾಲ ಎರಡನೇ ಗೀಟಿಗೆ. ಮೂರು ಇಪ್ಪತ್ತು.”

“ಇನ್ನೊಮ್ಮೆ ಓದು.”

ಇನ್ನೊಮ್ಮೆ ಓದಿದೆ. ಮೂರು ಇಪ್ಪತ್ತೇ.

“ಬರಕೋ,” ಅಂದ. ನಾನು ದಿನಚರಿ ತೆಗೆಯುವ ಸದ್ದು ಕೇಳಿ ಕೈ ಅಡ್ಡ ಆಡಿಸಿದ. “ಅದರಾಗಲ್ಲ.”

ಒಳಗೆ ಹೋದೆವು. ಗೋಡೆಯ ಮೇಲೆ ಹೊಸ ವರ್ಷದ ಕ್ಯಾಲೆಂಡರು ಬಂದಿತ್ತು, ಮೊಳೆ ಹಳೆಯದು, ಪೆನ್ಸಿಲೂ ಹಳೆಯದು. ಪೆನ್ಸಿಲು ಹಿಡಿದು ನಿಂತೆ. ಹೊಸ ಕ್ಯಾಲೆಂಡರಿನ ಮೊದಲ ಮೂರು ಚೌಕಗಳು ಖಾಲಿ ಇದ್ದವು, ನನ್ನಂಥವಳಿಗೆ ಅದನ್ನು ನೋಡಿ ಸುಮ್ಮನಿರುವುದು ಕಷ್ಟ. ಚಳಿಗಾಲದ ಹೊಳೆ, ದಿನಕ್ಕೆ ಒಂದು ಗೀಟೂ ಇಳಿಯುವುದಿಲ್ಲ.

“ಕಾಕಾ, ಹಿಂದಿನ ಮೂರು ದಿನದ್ದೂ ಹಿಂಗ ಇದ್ದಿರಬೇಕು. ಬರೀಲ್ಯಾ?”

“ನೋಡಿಯೇನು?”

“ಇಲ್ಲ.”

“ಹಂಗಾರ ಬ್ಯಾಡ. ಒಮ್ಮೆ ಅಂದಾಜಿನ ಮ್ಯಾಲ ಬರದು ನೋಡೇನಿ.”

ಮೂರು ಚೌಕ ಖಾಲಿ ಬಿಟ್ಟು, ನಾಲ್ಕನೆಯದರಲ್ಲಿ ೩.೨೦ ಎಂದು ಬರೆದೆ.